ನೆಲ ಬಿರಿಯುವ ಬಗೆ, ಆಳದ ಕಲ್ಲು ಮೇಲೆ ಬರುವ ಬಗೆ

ಅಮರಕೋಶವನ್ನು ಬಾಯಿಪಾಠಮಾಡಿದವರಿಗೆಲ್ಲ ಭೂಮಿಗೆ ‘ಅಚಲಾ’ ಎಂದೂ ‘ಸ್ಥಿರಾ’ ಎಂದೂ ಹೆಸರಿರುವುದು ತಿಳಿದೇ ಇದೆ. ಬೆಟ್ಟಕ್ಕೂ ‘ಅಚಲ’ವೆಂಬ ಹೆಸರುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದ ನಮಗೆ ಈ ಹೆಸರುಗಳ ಔಚಿತ್ಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಂದಿಯ ಬೆಟ್ಟವಾಗಲಿ, ಸ್ಕಂದಗಿರಿಯಾಗಲಿ, ಚಿಂತಾಮಣಿಯ ಕಡೆಯ ಅಂಬಾಜಿದುರ್ಗವಾಗಲಿ, ಕೈವಾರದ ಗುಡ್ಡಗಳಾಗಲಿ ನಮ್ಮ ಅಜ್ಜಂದಿರು ಕಂಡಂತೆಯೇ ಇಂದೂ ನಿಂತಿವೆ. ರಾಜರು ಬಂದರು, ಹೋದರು. ಕೋಟೆಗಳು ಎದ್ದವು, ಬಿದ್ದವು. ಬೆಟ್ಟಗಳು ಮಾತ್ರ ಅಲುಗಲಿಲ್ಲ.

ಆದರೆ ಭೂವಿಜ್ಞಾನಿಗಳು ಹೇಳುವುದೇ ಬೇರೆ. ಅವರ ಮತದಲ್ಲಿ ಭೂಮಿಯಷ್ಟು ಚಲಿಸುವ ವಸ್ತು ಮತ್ತೊಂದಿಲ್ಲ. ಖಂಡಗಳು ತೇಲುತ್ತವೆ, ಹಿಗ್ಗುತ್ತವೆ, ಹರಿಯುತ್ತವೆ. ಹರಿದ ಎಡೆಯಲ್ಲಿ ಸಮುದ್ರಗಳು ಹುಟ್ಟುತ್ತವೆ. ಎಷ್ಟೋ ಕಿಲೋಮೀಟರು ಆಳದಲ್ಲಿ ಹುಟ್ಟಿದ ಕಲ್ಲು ಕಾಲಾಂತರದಲ್ಲಿ ಬಿಸಿಲು ಕಾಣುತ್ತದೆ. ನಂದಿಯ ಬಂಡೆಯೂ ಈಗ ನಿಂತಿರುವ ಎತ್ತರದಲ್ಲಿ ಹುಟ್ಟಿದ್ದಲ್ಲ. ಪಾತಾಳವೆಂದು ಕರೆಯಬಹುದಾದ ಆಳದಲ್ಲಿ ಹುಟ್ಟಿ ಮೇಲಕ್ಕೆ ಬಂದದ್ದು.

ಈ ವಿಚಾರವನ್ನು ಗೃಹಸ್ಥರ ಮುಂದಿಡಲು ಒಂದು ಕಾರಣವುಂಟು. 2021ನೆಯ ಇಸವಿಯ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೆಲ ಎರಡು ಬಾರಿ ನಡುಗಿತು. ಎರಡೂ ಸುಮಾರು 3ರ ಪ್ರಮಾಣದ ಸಣ್ಣ ಕಂಪನಗಳು. ಆದರೂ ಜನ ಮನೆಗಳಿಂದ ಹೊರಗೆ ಓಡಿಬಂದರು. ‘ನಮ್ಮ ನೆಲವೂ ಬಿರಿಯುತ್ತಿದೆಯೇ? ಕೆಳಗೆ ಬೆಂಕಿಯಿದೆಯೇ? ನಂದಿಯ ಬೆಟ್ಟ ಅಗ್ನಿಪರ್ವತವೇ?’ ಎಂಬ ಪ್ರಶ್ನೆಗಳು ಜಗಲಿಜಗಲಿಗಳಲ್ಲಿಯೂ ಕೇಳಿಬಂದುವು. ಹೆದರಿದವರಿಗೆ ಧೈರ್ಯ ಹೇಳುವುದು ಸುಲಭ. ಹೆದರಿಕೆಯ ಮೂಲವನ್ನು ತಿಳಿಸಿದರೆ ಆ ಧೈರ್ಯ ನಿಲ್ಲುತ್ತದೆ. ಆದ್ದರಿಂದ ನೆಲ ನಿಜವಾಗಿ ಬಿರಿಯುವುದು ಹೇಗೆ, ಬಿರಿದಾಗ ಆಳದ ಕಲ್ಲು ಮೇಲೆ ಬರುವುದು ಹೇಗೆ, ನಮ್ಮ ಸೀಮೆಯಲ್ಲಿ ಆದದ್ದೇನು, ಇದರಿಂದ ನಮ್ಮ ಮನೆವಾರ್ತೆಗೆ ತಿಳಿಯಬೇಕಾದುದೇನು ಎಂಬುದನ್ನು ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ.

ನೆಲದ ಚಿಪ್ಪು

ಭೂಮಿಯ ಹೊರಮೈಯಲ್ಲಿ ಕಲ್ಲಿನ ಒಂದು ಚಿಪ್ಪಿದೆ. ಅದರ ಕೆಳಗೆ ಹೆಚ್ಚು ಭಾರವಾದ, ಹೆಚ್ಚು ಬಿಸಿಯಾದ ಕಲ್ಲಿನ ದಪ್ಪ ಕವಚವಿದೆ. ಈ ಕವಚವು ದ್ರವವಲ್ಲ, ಗಟ್ಟಿಯಾದ ಕಲ್ಲೇ. ಆದರೂ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನೋಡಿದರೆ ಅರಗಿನಂತೆ ಮೆಲ್ಲಮೆಲ್ಲನೆ ಹರಿಯಬಲ್ಲದು. ಕಾದ ಹಾಲಿನ ಮೇಲೆ ಕೆನೆ ತೇಲುವಂತೆ ಹಗುರವಾದ ಚಿಪ್ಪು ಭಾರವಾದ ಕವಚದ ಮೇಲೆ ತೇಲುತ್ತಿದೆ ಎಂದು ಭಾವಿಸಬೇಕು. ಸಮುದ್ರದ ತಳದಲ್ಲಿ ಈ ಚಿಪ್ಪಿನ ದಪ್ಪ ಸುಮಾರು 7 ಕಿಲೋಮೀಟರು ಮಾತ್ರ. ಖಂಡಗಳ ಕೆಳಗೆ ಸಾಮಾನ್ಯವಾಗಿ 35ರಿಂದ 40 ಕಿಲೋಮೀಟರು.

ಇಷ್ಟು ಆಳಕ್ಕೆ ಇಳಿದು ಅಳೆದವರು ಯಾರು ಎಂದು ವಾಚಕರು ಕೇಳಬಹುದು. ಮನುಷ್ಯನು ಅಷ್ಟು ಆಳಕ್ಕೆ ಇಳಿದಿಲ್ಲ. ನಮ್ಮ ನೆರೆಯ ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಎಂಬುದು ಸುಮಾರು 3.2 ಕಿಲೋಮೀಟರು ಆಳದ್ದಾಗಿದ್ದು ಲೋಕದ ಅತ್ಯಂತ ಆಳವಾದ ಗಣಿಗಳಲ್ಲೊಂದೆನಿಸಿತ್ತು. 2001ರಲ್ಲಿ ಮುಚ್ಚಿಹೋದ ಆ ಗಣಿಯ ತಳದಲ್ಲಿ ಬಂಡೆಯ ಶಾಖ ಸುಮಾರು 65 ಡಿಗ್ರಿಯಷ್ಟಿತ್ತು. ಅಷ್ಟು ಇಳಿದರೂ ಅದು ಚಿಪ್ಪಿನ ಹತ್ತರಲ್ಲೊಂದು ಪಾಲೂ ಅಲ್ಲ.

ಅಳೆಯುವ ಉಪಾಯವು ನಮ್ಮ ಗೌರಿಬಿದನೂರಿನಲ್ಲಿಯೇ ಇದೆ. 1965ರಲ್ಲಿ ಭಾರತದ ಅಣುಶಕ್ತಿ ಇಲಾಖೆಯವರು ಬ್ರಿಟನ್ನಿನವರ ಸಹಕಾರದಿಂದ ಅಲ್ಲಿ ಭೂಕಂಪನವನ್ನು ಅಳೆಯುವ ಯಂತ್ರಗಳ ಎರಡು ಸಾಲುಗಳನ್ನು, ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ, ಹೊಲಗದ್ದೆಗಳ ನಡುವೆ ನೆಲೆಗೊಳಿಸಿದರು. ದೂರದ ದೇಶಗಳಲ್ಲಿ ನಡೆಯುವ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಅದರ ಮುಖ್ಯೋದ್ದೇಶ. ಗಟ್ಟಿಯಾದ ಹಳೆಯ ಬಂಡೆಯೂ ಸದ್ದಿಲ್ಲದ ಹಳ್ಳಿಗಾಡೂ ಇರುವುದರಿಂದ ಈ ಸ್ಥಳ ಅದಕ್ಕೆ ಒಪ್ಪಿತು. ಭೂಕಂಪದ ಅಲೆಯೊಂದು ಕವಚದಿಂದ ಚಿಪ್ಪಿಗೆ ಏರುವಾಗ ಎರಡರ ಗಡಿಯಲ್ಲಿ ಅದರ ಒಂದು ಪಾಲು ಬೇರೆ ಬಗೆಯ, ನಿಧಾನವಾದ ಅಲೆಯಾಗಿ ಮಾರ್ಪಡುತ್ತದೆ. ವೇಗದ ಅಲೆಯೂ ನಿಧಾನದ ಅಲೆಯೂ ಬಂದು ಮುಟ್ಟುವ ಕಾಲದ ಅಂತರವನ್ನು ಅಳೆದರೆ ಗಡಿಯ ಆಳವು ತಿಳಿಯುತ್ತದೆ. ಮಿಂಚು ಕಂಡಮೇಲೆ ಗುಡುಗು ಎಷ್ಟು ಹೊತ್ತಿಗೆ ಕೇಳಿತೆಂದು ಎಣಿಸಿ ಸಿಡಿಲಿನ ದೂರವನ್ನು ತಿಳಿಯುವಂತೆ. ಇಂತಹ ಗಡಿಯೊಂದಿದೆಯೆಂದು ಮೊದಲು ಕಂಡವನು ಕ್ರೊಯೇಷಿಯ ದೇಶದ ಮೊಹೊರೊವಿಚಿಚ್ ಎಂಬ ಪಂಡಿತ, 1909ರಲ್ಲಿ. ಇಂತಹ ಅಳತೆಗಳಿಂದ ನಮ್ಮ ಸೀಮೆಯ ಚಿಪ್ಪು ಸುಮಾರು 35 ಕಿಲೋಮೀಟರು ದಪ್ಪವೆಂದೂ, ಪಶ್ಚಿಮಕ್ಕೆ ಹಾಸನ, ಚಿಕ್ಕಮಗಳೂರುಗಳ ಕಡೆಗೆ ಅದು 40 ಕಿಲೋಮೀಟರನ್ನು ಮೀರುತ್ತದೆಂದೂ ತಿಳಿದುಬಂದಿದೆ.

ಬೆಲ್ಲದ ಪಾಕದ ದೃಷ್ಟಾಂತ

ಇನ್ನು ಈ ಚಿಪ್ಪು ತೆಳುವಾಗುವುದು ಹೇಗೆಂಬುದನ್ನು ನೋಡೋಣ. ಅಡಿಗೆಮನೆಯಲ್ಲಿ ಬೆಲ್ಲದ ಪಾಕವನ್ನು ಕಂಡವರಿಗೆ ಇದು ಕಷ್ಟವಲ್ಲ. ಬಿಸಿಯಾದ ಪಾಕವನ್ನು ಎರಡು ಬೆರಳುಗಳ ನಡುವೆ ಎಳೆದರೆ ಅದು ಎಳೆಯಾಗಿ ನೀಳವಾಗುತ್ತದೆ, ಸಣ್ಣಗಾಗುತ್ತದೆ, ತುಂಡಾಗುವುದಿಲ್ಲ. ಅದೇ ಪಾಕವು ಆರಿ ಗಟ್ಟಿಯಾದ ಮೇಲೆ ಎಳೆದರೆ ಚಟಕ್ಕನೆ ಮುರಿಯುತ್ತದೆ. ವಸ್ತು ಒಂದೇ, ಶಾಖ ಮಾತ್ರ ಬೇರೆ. ಭೂಮಿಯ ಚಿಪ್ಪಿನಲ್ಲಿಯೂ ಹೀಗೆಯೇ. ಮೇಲಿನ 10–15 ಕಿಲೋಮೀಟರು ತಣ್ಣಗಿರುವುದರಿಂದ ಎಳೆದಾಗ ಮುರಿಯುತ್ತದೆ. ಅದರ ಕೆಳಗೆ, ಶಾಖವು 300 ಡಿಗ್ರಿಯನ್ನು ಮೀರಿದಮೇಲೆ, ಕಲ್ಲಿನಲ್ಲಿರುವ ಸ್ಫಟಿಕವು ಮೆತ್ತಗಾಗತೊಡಗಿ, ಎಳೆದಾಗ ಪಾಕದಂತೆ ನೀಳುತ್ತದೆ.

ಹೀಗೆ ಖಂಡವೊಂದನ್ನು ಎರಡು ಕಡೆಗೂ ಎಳೆದರೆ ಮೇಲ್ಭಾಗವು ಓರೆಯಾದ ಬಿರುಕುಗಳಿಂದ ತುಂಡುತುಂಡಾಗುತ್ತದೆ. ಕಪಾಟಿನಲ್ಲಿ ಒತ್ತಾಗಿ ನಿಲ್ಲಿಸಿದ ಪುಸ್ತಕಗಳ ನಡುವಿನಿಂದ ಕೆಲವನ್ನು ತೆಗೆದರೆ ಉಳಿದವು ಒಂದರಮೇಲೊಂದು ವಾಲುವುವಷ್ಟೆ. ಅಂತೆಯೇ ಈ ತುಂಡುಗಳೂ ಜಾರಿ ವಾಲುತ್ತವೆ. ಕೆಳಭಾಗವು ಮುರಿಯದೆ ಸಣ್ಣಗಾಗುತ್ತದೆ. ಎರಡೂ ಸೇರಿ ಒಟ್ಟು ದಪ್ಪ ಕುಗ್ಗುತ್ತದೆ, ನಡುವೆ ನೆಲ ತಗ್ಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಮಣ್ಣುಮರಳು ತುಂಬುತ್ತದೆ. ಆಫ್ರಿಕಾದ ಪೂರ್ವದ ಕಣಿವೆಗಳೂ ಅಲ್ಲಿನ ನೀಳವಾದ ಸರೋವರಗಳೂ ಈ ಹಂತದಲ್ಲಿವೆ.

ಎಳೆತವು ನಿಲ್ಲದಿದ್ದರೆ ಚಿಪ್ಪು ಇನ್ನೂ ತೆಳುವಾಗಿ ಕೆಳಗಿನ ಬಿಸಿ ಕವಚವು ಮೇಲಕ್ಕೆ ಏರುತ್ತದೆ. ಏರಿದಂತೆ ಅದರ ಮೇಲಿನ ಒತ್ತಡ ಕಡಮೆಯಾಗುತ್ತದೆ. ಪ್ರೆಷರ್ ಕುಕ್ಕರಿನೊಳಗೆ ಒತ್ತಡವಿರುವಾಗ ಕುದಿಯದೆ ಅಡಗಿದ್ದ ಬಿಸಿನೀರು, ಒತ್ತಡ ತಗ್ಗಿದೊಡನೆ ಭುಗಿಲೆಂದು ಆವಿಯಾಗುವುದನ್ನು ಗೃಹಿಣಿಯರು ಬಲ್ಲರು. ಹಾಗೆಯೇ ಒತ್ತಡ ತಗ್ಗಿದ ಬಿಸಿ ಕಲ್ಲು, ಹೊಸದಾಗಿ ಬೆಂಕಿ ಹಾಕದೆಯೇ, ಭಾಗಶಃ ಕರಗುತ್ತದೆ. ಕರಗಿದ ಶಿಲಾದ್ರವವು ಬಿರುಕುಗಳಲ್ಲಿ ಏರಿ ಕರಿಕಲ್ಲಾಗಿ ಹೆಪ್ಪುಗಟ್ಟುತ್ತದೆ, ಇಲ್ಲವೆ ನೆಲದ ಮೇಲೆ ಹರಿಯುತ್ತದೆ. ಕಟ್ಟಕಡೆಗೆ ಖಂಡವು ಎರಡಾಗಿ ನಡುವೆ ಸಮುದ್ರ ಹುಟ್ಟುತ್ತದೆ. ಅರೇಬಿಯಕ್ಕೂ ಆಫ್ರಿಕಾಕ್ಕೂ ನಡುವಿನ ಕೆಂಪುಸಮುದ್ರವು ಇಂತಹ ಎಳೆಯ ಸಮುದ್ರ. ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಸರಿದರೂ ಒಂದು ಕೋಟಿ ವರ್ಷಕ್ಕೆ 100 ಕಿಲೋಮೀಟರು ಸರಿದಂತಾಯಿತು. ಭೂಮಿಗೆ ಅವಸರವಿಲ್ಲ.

ಎಲ್ಲ ಬಿರುಕೂ ಸಮುದ್ರವಾಗುವುದಿಲ್ಲವೆಂಬುದನ್ನೂ ನೆನಪಿಡಬೇಕು. ಗೋದಾವರಿಯ ಕಣಿವೆಯಲ್ಲಿ ಹಿಂದೆ ನೆಲ ಹೀಗೆಯೇ ಬಿರಿದು ತಗ್ಗಾಯಿತು, ಆದರೆ ಎಳೆತ ನಿಂತುಹೋಯಿತು. ಆ ತಗ್ಗಿನಲ್ಲಿ ಹೂತುಹೋದ ಕಾಡುಗಳೇ ಸಿಂಗರೇಣಿಯ ಕಲ್ಲಿದ್ದಲು.

ಮೇಲೆ ಬರುವ ಎರಡು ದಾರಿ

ಆಳದ ಕಲ್ಲು ಮೇಲೆ ಬರಲು ಮುಖ್ಯವಾಗಿ ಎರಡು ದಾರಿಗಳುಂಟು. ಮೇಲಿರುವ ಮುಚ್ಚಳವನ್ನು ಸವೆಸುವುದು ಒಂದು. ಮುಚ್ಚಳವನ್ನು ಪಕ್ಕಕ್ಕೆ ಜಾರಿಸುವುದು ಮತ್ತೊಂದು.

ಸವೆಯುವ ದಾರಿ ನಿಧಾನದ್ದು. ಹರಿಗೋಲಿನಿಂದ ಮೂಟೆಗಳನ್ನು ಇಳಿಸಿದರೆ ಅದು ನೀರಿನಲ್ಲಿ ಮೇಲಕ್ಕೆ ಏಳುವುದನ್ನು ಹೊಳೆಯ ದಂಡೆಯವರು ಬಲ್ಲರು. ಮಳೆಗಾಳಿಗಳು ಖಂಡದ ಮೇಲ್ಮೈಯನ್ನು ಕೊರೆದು ಸಮುದ್ರಕ್ಕೆ ಒಯ್ದಂತೆಲ್ಲ ಹಗುರವಾದ ಚಿಪ್ಪು ಕೆಳಗಿನ ಕವಚದ ಮೇಲೆ ಏಳುತ್ತದೆ. ಕವಚವು ಚಿಪ್ಪಿಗಿಂತ ಹೆಚ್ಚು ಭಾರವಾದುದರಿಂದ, 10 ಕಿಲೋಮೀಟರು ಸವೆದರೆ ಸುಮಾರು ಎಂಟೂವರೆ ಕಿಲೋಮೀಟರು ಮೇಲಕ್ಕೆ ಏಳುತ್ತದೆಂದು ಲೆಕ್ಕ. ಆದ್ದರಿಂದ ಅಷ್ಟೊಂದು ಸವೆದರೂ ನೆಲದ ಎತ್ತರ ಕುಗ್ಗುವುದು ಒಂದೂವರೆ ಕಿಲೋಮೀಟರು ಮಾತ್ರ. ಆದರೆ 10 ಕಿಲೋಮೀಟರು ಆಳದಲ್ಲಿದ್ದ ಕಲ್ಲು ಹೊರಬಿದ್ದಿರುತ್ತದೆ. ವರ್ಷಕ್ಕೆ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು ಸವೆದರೂ 100 ಕೋಟಿ ವರ್ಷದಲ್ಲಿ 10 ಕಿಲೋಮೀಟರು ಸವೆಯುತ್ತದೆ.

ಜಾರುವ ದಾರಿ ಬೇಗನೆಯದು. ನೆಲ ಬಿರಿಯುವಾಗ ನಡೆಯತಕ್ಕದ್ದು. ಚಿಪ್ಪನ್ನು ಎಳೆಯುವಾಗ ಕೆಲವೆಡೆ ಒಂದು ದೊಡ್ಡ ಬಿರುಕು ಬಹು ಓರೆಯಾಗಿ, ಬಹುಮಟ್ಟಿಗೆ ಮಲಗಿದಂತೆ, ಆಳಕ್ಕೆ ಇಳಿಯುತ್ತದೆ. ಅದರ ಮೇಲಿನ ಭಾಗವು ಹಾಸಿಗೆಯಿಂದ ಹೊದಿಕೆ ಜಾರುವಂತೆ ಒಂದು ಕಡೆಗೆ ಜಾರಿಹೋಗುತ್ತದೆ. ಹೊದಿಕೆ ಜಾರಿದ ಎಡೆಯಲ್ಲಿ ಕೆಳಗಿನ ಬಿಸಿ ಕಲ್ಲು ಗುಮ್ಮಟದಂತೆ ಉಬ್ಬಿ ಮೇಲೇರುತ್ತದೆ. ಇಂತಹ ಗುಮ್ಮಟಗಳು ಅಮೆರಿಕದ ಪಶ್ಚಿಮಭಾಗದಲ್ಲಿ ಹಲವಿವೆ. ಇವುಗಳಲ್ಲಿ ಅತ್ಯಾಶ್ಚರ್ಯವಾದದ್ದು ಪಾಪುವಾ ನ್ಯೂಗಿನಿ ದೇಶದ ಪೂರ್ವಕ್ಕಿರುವ ದಾಂತ್ರಕಾಸ್ತೋ ದ್ವೀಪಗಳದ್ದು. ಅಲ್ಲಿ ಸುಮಾರು 80 ಲಕ್ಷ ವರ್ಷಗಳ ಹಿಂದೆ 90 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದ್ದ ಕಲ್ಲು ಇಂದು ದ್ವೀಪದ ಬೆಟ್ಟಗಳಲ್ಲಿದೆ. ವರ್ಷಕ್ಕೆ ಒಂದು ಸೆಂಟಿಮೀಟರಿಗೂ ಮಿಕ್ಕ ವೇಗವಾಯಿತು! ಹಿಂದೊಮ್ಮೆ ಆಳಕ್ಕೆ ತಳ್ಳಲ್ಪಟ್ಟಿದ್ದ ಖಂಡದ ತುಣುಕು, ಮೇಲೆ ನೆಲ ಬಿರಿದು ಎಡೆಯಾದೊಡನೆ, ನೀರೊಳಗೆ ಒತ್ತಿಹಿಡಿದಿದ್ದ ಸೋರೆಬುರುಡೆಯನ್ನು ಕೈಬಿಟ್ಟಂತೆ ಮೇಲಕ್ಕೆ ಬಂದಿತು.

ಚಿಪ್ಪು ತೀರ ತೆಳುವಾದ ಎಡೆಯಲ್ಲಿ ಕವಚದ ಕಲ್ಲೇ ಹೊರಬೀಳುವುದೂ ಉಂಟು. ಸ್ಪೇನ್ ದೇಶದ ಪಶ್ಚಿಮದ ಸಮುದ್ರತಳದಲ್ಲಿ 1985ರಲ್ಲಿ ಹಡಗಿನಿಂದ ಕೊರೆದು ತೆಗೆದಾಗ ಖಂಡದ ಅಂಚಿನಲ್ಲಿ ಇಂತಹ ಕವಚದ ಕಲ್ಲೇ ದೊರೆಯಿತು. ಕೆಂಪುಸಮುದ್ರದಲ್ಲಿ ಜಬರ್ಗಾದ್ ಎಂಬ ಪುಟ್ಟ ದ್ವೀಪವಿದೆ. ಅದರ ಬಹುಭಾಗವು ಕವಚದಿಂದ ಎದ್ದುಬಂದ ಕಲ್ಲು. ಪೆರಿಡಾಟ್ ಎಂಬ ಹಸಿರು ರತ್ನವನ್ನು ಪ್ರಾಚೀನಕಾಲದಿಂದಲೂ ಅಲ್ಲಿ ಅಗೆಯುತ್ತಿದ್ದರು. ಅರಸಿಯರ ಕೊರಳನ್ನು ಅಲಂಕರಿಸಿದ ಆ ಹರಳು ಭೂಗರ್ಭದ ಕವಚದ ಒಂದು ಚೂರೆಂದು ಅಂದಿನವರಿಗೆ ಹೇಗೆ ತಿಳಿಯಬೇಕು?

ನಮ್ಮ ಸೀಮೆಯ ಸಾಕ್ಷಿಗಳು

ಈಗ ನಮ್ಮ ಬೆಟ್ಟಗಳಿಗೆ ಬರೋಣ. ನಂದಿಯ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರು ಎತ್ತರ. ಅದು ಅಗ್ನಿಪರ್ವತವಲ್ಲ. ಅದರ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಬಿಳಿಯ ಇಲ್ಲವೆ ನಸುಗೆಂಪು ಬಣ್ಣದ ಕಣಗಳು, ಗಾಜಿನಂತಹ ಸ್ಫಟಿಕ, ಮಿರುಗುವ ಅಭ್ರಕ, ಇವು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಸಕ್ಕರೆಯ ಪಾಕವನ್ನು ದಿನಗಟ್ಟಲೆ ಮೆಲ್ಲನೆ ಆರಗೊಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳುಗಳಾಗುತ್ತವೆ. ಬೇಗ ಆರಿಸಿದರೆ ಸಣ್ಣ ಪುಡಿಯಾಗುತ್ತದೆ. ನಂದಿಯ ಗ್ರಾನೈಟಿನ ದಪ್ಪ ಕಣಗಳೂ ಅದು ಆಳದಲ್ಲಿ, ಕಲ್ಲಿನ ಹೊದಿಕೆಯ ಕೆಳಗೆ, ಬಹುಕಾಲ ಆರಿತೆಂಬುದಕ್ಕೆ ಸಾಕ್ಷಿ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲಿದ್ದ ಹೊದಿಕೆ ಎಲ್ಲಿ ಹೋಯಿತೆಂದರೆ, ಸವೆದು ಹೋಯಿತು. ನಮ್ಮ ಬೆಟ್ಟಗಳು ನೆಲದಿಂದ ಚಿಮ್ಮಿ ಎದ್ದವಲ್ಲ, ಸುತ್ತಣದು ಸವೆದಾಗ ಸವೆಯದೆ ಉಳಿದವು.

ದಕ್ಷಿಣಕ್ಕೆ ಹೋದಂತೆ ಇನ್ನೂ ಆಳದ ಕಲ್ಲುಗಳು ಕಾಣುತ್ತವೆ. ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ ಬೂದುಬಣ್ಣದ ನೈಸ್ ಕಲ್ಲು ಅಲ್ಲಲ್ಲಿ ಕಪ್ಪುಹಸಿರಿನ ಚಾರ್ನೊಕೈಟ್ ಆಗಿ ಮಾರ್ಪಟ್ಟಿರುವುದನ್ನು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಲೋಕಕ್ಕೆ ತಿಳಿಸಿದರು. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್ ಎಂಬುವನ ಗೋರಿಯ ಕಲ್ಲು ಇದೇ ಜಾತಿಯದಾದ್ದರಿಂದ ಈ ಹೆಸರು ಬಂದಿತು. ಇಂತಹ ಮಾರ್ಪಾಡು ನಡೆಯಬೇಕಾದರೆ ಸುಮಾರು 20 ಕಿಲೋಮೀಟರಿನ ಆಳದ ಒತ್ತಡವೂ 700 ಡಿಗ್ರಿಯ ಶಾಖವೂ ಬೇಕು. ಕಬ್ಬಾಳದಿಂದ ಉತ್ತರಕ್ಕೆ ಬಳ್ಳಾರಿಯವರೆಗೆ ನಡೆದುಹೋದವನು, ಓರೆಯಾಗಿ ಕೊಯ್ದ ಹಲಸಿನ ಹಣ್ಣಿನ ಮೇಲೆ ಹರಿಯುವ ಇರುವೆಯಂತೆ, ಚಿಪ್ಪಿನ ಆಳದಿಂದ ಮೇಲ್ಭಾಗಕ್ಕೆ ನಡೆದಂತಾಗುತ್ತದೆ. ಲೋಕದ ಭೂವಿಜ್ಞಾನಿಗಳು ಕರ್ನಾಟಕಕ್ಕೆ ಬರುವುದು ಇದನ್ನು ನೋಡುವುದಕ್ಕಾಗಿಯೇ.

ಹಾಗಾದರೆ ನಮ್ಮ ನೆಲ ಎಂದೂ ಬಿರಿಯಲಿಲ್ಲವೆ? ಬಿರಿಯಿತು. ಬೆಂಗಳೂರಿನ ಸುತ್ತಲಿನ ಸೀಮೆಯಲ್ಲಿ ಬಿಳಿಬಂಡೆಯ ನಡುವೆ ಗೋಡೆಯಂತೆ ಉದ್ದಕ್ಕೆ ಓಡುವ ಕರಿಕಲ್ಲಿನ ಪಟ್ಟೆಗಳನ್ನು ವಾಚಕರು ಕಂಡಿರಬಹುದು. ನೆಲವು ಎಳೆಯಲ್ಪಟ್ಟು ಬಿರಿದಾಗ ಆ ಬಿರುಕುಗಳಲ್ಲಿ ಕವಚದಿಂದ ಏರಿಬಂದ ಶಿಲಾದ್ರವವೇ ಈ ಕರಿಕಲ್ಲು. ಪೂರ್ವಪಶ್ಚಿಮವಾಗಿ ಓಡುವ ಒಂದು ದೊಡ್ಡ ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷವೆಂದು ನಿರ್ಧಾರವಾಗಿದೆ.

ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಮ್ಮ ಎರಡು ನದಿಗಳು ತೋರಿಸುತ್ತವೆ. ನಂದಿ–ಶಿಡ್ಲಘಟ್ಟಗಳ ಸೀಮೆಯಲ್ಲಿ ಹುಟ್ಟುವ ಪಾಪಘ್ನಿಯೂ ಚಿಕ್ಕಬಳ್ಳಾಪುರದ ಗುಡ್ಡಗಳಲ್ಲಿ ಹುಟ್ಟುವ ಚಿತ್ರಾವತಿಯೂ ಉತ್ತರಕ್ಕೆ ಹರಿದು ಕಡಪೆಯ ಜಿಲ್ಲೆಯಲ್ಲಿ ಪೆನ್ನೆಯನ್ನು ಸೇರುತ್ತವೆ. ಜನರ ಬಾಯಲ್ಲಿ ‘ಪಾಪಾಗ್ನಿ’ಯಾಗಿರುವ ಹೆಸರು ಮೂಲದಲ್ಲಿ ಪಾಪವನ್ನು ನಾಶಮಾಡುವ ‘ಪಾಪಘ್ನೀ’. ಕಡಪೆಯ ಆ ಸೀಮೆಯಲ್ಲಿ ಹಳೆಯದೊಂದು ಮಹಾಕುಳಿಯಿದೆ. ಅದರಲ್ಲಿ ಮರಳುಕಲ್ಲು, ಸುಣ್ಣಕಲ್ಲು, ಪದರಗಲ್ಲುಗಳು ಹಲವು ಕಿಲೋಮೀಟರು ದಪ್ಪಕ್ಕೆ ತುಂಬಿವೆ. 1872ರಲ್ಲಿ ಅದರ ವಿವರವನ್ನು ಬರೆದು ಪ್ರಕಟಿಸಿದವನು ಭಾರತದ ಭೂವಿಜ್ಞಾನ ಸರ್ವೇಕ್ಷಣದ ವಿಲಿಯಂ ಕಿಂಗ್. ಅದರ ಅತ್ಯಂತ ಕೆಳಗಿನ ಪದರಗಳಿಗೆ ಪಾಪಘ್ನಿಯ ಹೆಸರು, ಅದರ ಮೇಲಿನವಕ್ಕೆ ಚಿತ್ರಾವತಿಯ ಹೆಸರು! ನಮ್ಮ ಊರ ಹೊಳೆಗಳ ಹೆಸರು ಹೀಗೆ ಲೋಕದ ಶಾಸ್ತ್ರಗ್ರಂಥಗಳಲ್ಲಿ ಅಚ್ಚಾಗಿದೆ. ಈ ಕುಳಿ ಹುಟ್ಟಿದ ಬಗೆಯನ್ನು ಕುರಿತು ಪಂಡಿತರಲ್ಲಿ ಚರ್ಚೆಗಳಿದ್ದರೂ, ಮೊದಲಲ್ಲಿ ಅಲ್ಲಿನ ಚಿಪ್ಪು ಎಳೆಯಲ್ಪಟ್ಟು ತೆಳುವಾಗಿ ತಗ್ಗಿತೆಂಬುದನ್ನು ಬಹುಮಂದಿ ಒಪ್ಪುತ್ತಾರೆ. ಸುಮಾರು 189 ಕೋಟಿ ವರ್ಷಗಳ ಹಿಂದೆ ಆ ಪದರಗಳ ನಡುವೆ ಏರಿ ಹರಡಿದ ಕರಿಕಲ್ಲೂ ಅದನ್ನೇ ಹೇಳುತ್ತದೆ.

ಮತ್ತೊಂದು ಮಾತು. ಆ ಕುಳಿಯ ತಳದಲ್ಲಿರುವುದು ನಮ್ಮ ಜಾತಿಯದೇ ಆದ ಹಳೆಯ ಬಂಡೆ. ಆಳದಲ್ಲಿ ಹುಟ್ಟಿದ ಗ್ರಾನೈಟಿನ ಮೇಲೆ ನೇರವಾಗಿ ಮರಳು ಬಿದ್ದಿದೆಯೆಂದರೆ, ಮರಳು ಬೀಳುವ ಹೊತ್ತಿಗೆ ಆ ಗ್ರಾನೈಟ್ ಮೇಲೆ ಬಂದು ಬಯಲಾಗಿತ್ತೆಂದು ಸಿದ್ಧವಾಗುತ್ತದಷ್ಟೆ. ಈ ಸಂಧಿಯನ್ನು ಕಣ್ಣಾರೆ ಕಾಣಬೇಕೆಂಬವರು ತಿರುಮಲೆಗೆ ಹೋಗುವಾಗ ಘಟ್ಟದ ದಾರಿಯಲ್ಲಿ ಗಮನಿಸಬಹುದು. ಕೆಳಗೆ ಹಳೆಯ ಗ್ರಾನೈಟ್, ಅದರ ಮೇಲೆ ಪದರಪದರವಾದ ಗಡಸು ಮರಳುಕಲ್ಲು. ಎರಡರ ನಡುವಿನ ಒಂದು ಗೆರೆಯಲ್ಲಿ ಎಷ್ಟೋ ಕೋಟಿ ವರ್ಷಗಳ ಕಾಲ ಅಡಗಿದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಸ್ವಾಮಿಯ ದರ್ಶನಕ್ಕೆ ಹೋಗುವ ನಮ್ಮ ಕಡೆಯವರು ಈ ದರ್ಶನವನ್ನೂ ಮಾಡಿಕೊಂಡು ಬರಲೆಂದು ನಮ್ಮ ಆಸೆ.

ಪಶ್ಚಿಮದ ಬಿರುಕು, ಪೂರ್ವದ ಇಳಿಜಾರು

ಕರ್ನಾಟಕದ ನೆಲ ಕಂಡ ಇತ್ತೀಚಿನ ದೊಡ್ಡ ಬಿರುಕು ಪಶ್ಚಿಮದ ಕರಾವಳಿಯದು. ಒಂದು ಕಾಲಕ್ಕೆ ಮಡಗಾಸ್ಕರ್ ದ್ವೀಪವು ನಮ್ಮ ಪಶ್ಚಿಮದ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ನಡುವೆ ನೆಲ ಬಿರಿದು ಎರಡೂ ಬೇರೆಯಾದುವು. ಉಡುಪಿಯ ಮಲ್ಪೆಯಾಚೆ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಗಳನ್ನು ಜೋಡಿಸಿದಂತೆ ನಿಂತಿರುವ ಅಗ್ನಿಶಿಲೆಯು ಆ ಕಾಲದ್ದೇ. ಮಡಗಾಸ್ಕರಿನಲ್ಲಿಯೂ ಅದೇ ವಯಸ್ಸಿನ ಅಗ್ನಿಶಿಲೆಗಳಿವೆ. ಹರಿದ ಕಾಗದದ ಎರಡು ಚೂರುಗಳನ್ನು ಜೋಡಿಸಿದರೆ ಬರಹ ಕೂಡಿಬರುವಂತೆ ಎರಡು ನಾಡುಗಳ ಕಲ್ಲುಗಳೂ ಕೂಡಿಬರುತ್ತವೆ. ಕರಾವಳಿಯಾಚೆ ಸಮುದ್ರದ ಕೆಳಗೆ ನಮ್ಮ ಖಂಡದ ಚಿಪ್ಪು ತೆಳುವಾಗುತ್ತ ಹೋಗುವುದೂ ಆ ಎಳೆತದ ಗುರುತು.

ಬಿರುಕಿನ ಅಂಚುಗಳು ಬಿಸಿಯಿಂದಲೂ ಭಾರ ಕಳೆದುಕೊಂಡದ್ದರಿಂದಲೂ ಮೇಲಕ್ಕೆ ಬಾಗುವುದುಂಟು. ಪಶ್ಚಿಮಘಟ್ಟಗಳ ಕಡಿದಾದ ಗೋಡೆಯು ಹೀಗೆ ಎದ್ದ ಅಂಚು ಹಿಂದಕ್ಕೆ ಸವೆದು ಉಳಿದದ್ದೆಂದು ಹಲವರ ಅಭಿಪ್ರಾಯ. ಪಶ್ಚಿಮದ ಅಂಚು ಎದ್ದರೆ ನೆಲವೆಲ್ಲ ಪೂರ್ವಕ್ಕೆ ವಾಲಬೇಕಷ್ಟೆ. ಕಾವೇರಿಯು ಅರಬ್ಬೀಸಮುದ್ರದ ಹತ್ತಿರವೇ ಹುಟ್ಟಿಯೂ ಅದಕ್ಕೆ ಬೆನ್ನುಮಾಡಿ ಬಂಗಾಳಕೊಲ್ಲಿಗೆ ಹರಿಯುವುದು ಇದರಿಂದಲೇ. ನಂದಿಯ ಸುತ್ತ ಹುಟ್ಟುವ ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಘ್ನಿಗಳು ದಿಕ್ಕಿಗೊಂದಾಗಿ ಹೊರಟರೂ ಅವುಗಳ ನೀರೆಲ್ಲ ಕಡೆಗೆ ಸೇರುವುದು ಪೂರ್ವಸಮುದ್ರವನ್ನೇ. ಗೌರಿಬಿದನೂರಿನ ರೈತನ ಹೊಲದ ಮಳೆನೀರು ನೆಲ್ಲೂರಿನ ಕಡೆಗೆ ಹೋಗುವುದಕ್ಕೂ ಮಡಗಾಸ್ಕರ್ ನಮ್ಮನ್ನು ಬಿಟ್ಟುಹೋದುದಕ್ಕೂ ಹೀಗೆ ನಂಟಿದೆ.

ಇದರಿಂದ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು. ಇಂದು ನಮ್ಮ ಸೀಮೆಯ ನೆಲ ಬಿರಿದು ತೆಳುವಾಗುತ್ತಿಲ್ಲ. 35 ಕಿಲೋಮೀಟರು ದಪ್ಪದ, ಬಹುಕಾಲದ ಹಿಂದೆಯೇ ಆರಿ ಗಟ್ಟಿಯಾದ ಚಿಪ್ಪು ನಮ್ಮ ಕೆಳಗಿದೆ. 2021ರ ಸಣ್ಣ ನಡುಕಗಳಿಗೆ ಭೂವಿಜ್ಞಾನಿಗಳು ಕೊಟ್ಟ ವಿವರಣೆ ಬೇರೆ. ಆ ವರ್ಷ ಮಳೆ ಅತಿಯಾಗಿ ಸುರಿದು, ಬಹುಕಾಲ ಒಣಗಿದ್ದ ಬಿರುಕುಗಳಿಗೆ ನೀರು ಇಳಿದು, ಕಲ್ಲಿನ ತುಂಡುಗಳು ಅಲ್ಪಸ್ವಲ್ಪ ಸರಿದುವೆಂದು ಅವರು ತಿಳಿಸಿದರು.

ನೀರಿನ ಮಾತು

ಆ ಬಿರುಕುಗಳು ಒಣಗಿದ್ದುದು ಏಕೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ನೆಲ ನಡುಗುವುದಕ್ಕಿಂತ ನೆಲದ ನೀರು ಬತ್ತುವುದು ನಮ್ಮ ಮನೆಗಳಿಗೆ ದೊಡ್ಡ ಗಂಡಾಂತರ.

ಆಳದಲ್ಲಿ, ಭಾರೀ ಒತ್ತಡದ ಕೆಳಗೆ ಹುಟ್ಟಿದ ಕಲ್ಲಿನಲ್ಲಿ ಸಂದಿಲ್ಲ. ಮರಳುಕಲ್ಲು ಸ್ಪಂಜಿನಂತೆ ನೀರು ಹೀರಬಲ್ಲದು, ನಮ್ಮ ಗ್ರಾನೈಟ್ ಹೀರಲಾರದು. ನಮ್ಮ ಸೀಮೆಯಲ್ಲಿ ನೀರು ನಿಲ್ಲುವುದು ಎರಡೇ ಕಡೆ. ಒಂದು, ಮೇಲಿನ ಕೆಲವು ಹತ್ತಡಿಗಳಲ್ಲಿ ಬಂಡೆ ಕೊಳೆತು ಮಣ್ಣಾಗುತ್ತಿರುವ ಪದರದಲ್ಲಿ; ನಮ್ಮ ಹಿರಿಯರ ತೆರೆದ ಬಾವಿಗಳು ಇದರ ನೀರನ್ನೇ ಕುಡಿಸಿದುವು. ಎರಡು, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಈ ಬಿರುಕುಗಳು ಎಳೆತದಿಂದಲೂ, ಮೇಲಿನ ಭಾರ ಸವೆದು ಬಂಡೆ ಸಡಿಲವಾದುದರಿಂದಲೂ ಆದವು. ‘ಪರ್ವತ’ ಎಂಬ ಶಬ್ದವೇ ‘ಪರ್ವ’, ಎಂದರೆ ಗಿಣ್ಣು ಅಥವಾ ಸಂಧಿ, ಎಂಬುದರಿಂದ ಬಂದದ್ದು; ಸಂಧಿಗಳುಳ್ಳದ್ದು ಪರ್ವತ. ಆ ಸಂಧಿಯಲ್ಲಿಯೇ ನಮ್ಮ ಜೀವನವೂ ಇದೆ.

ಆದರೆ ಆಳಕ್ಕೆ ಇಳಿದಂತೆಲ್ಲ ಮೇಲಿನ ಭಾರವು ಈ ಸಂಧಿಗಳನ್ನು ಮುಚ್ಚುತ್ತದೆ, ಅವು ವಿರಳವಾಗುತ್ತವೆ. 1,000 ಅಡಿ, 1,500 ಅಡಿ ಎಂದು ಕೊಳವೆಬಾವಿ ಕೊರೆಸುವವರು ಆಳಕ್ಕೆ ಹೋದಷ್ಟೂ ನೀರು ಹೆಚ್ಚೆಂದು ಭಾವಿಸುವುದುಂಟು. ನಮ್ಮ ಬಂಡೆಯ ಸ್ವಭಾವವು ಇದಕ್ಕೆ ವಿರೋಧವಾಗಿದೆ. ಅಷ್ಟು ಆಳದಲ್ಲಿ ಸಿಕ್ಕ ನೀರು ಬಹುಕಾಲದ ಹಿಂದೆ ಇಂಗಿದ್ದು. ಅದನ್ನು ಬೇಗ ಮತ್ತೆ ತುಂಬುವ ಮಳೆಯಿಲ್ಲ. ಎಷ್ಟು ರೈತಕುಟುಂಬಗಳು ಒಂದರ ಮೇಲೊಂದು ಬಾವಿ ಕೊರೆಸಿ ಸಾಲದಲ್ಲಿ ಮುಳುಗಿವೆಯೆಂಬುದನ್ನು ಊರೂರಿನವರೂ ಬಲ್ಲರು.

ಇನ್ನೊಂದು ಅಪಾಯವೂ ಉಂಟು. ಗ್ರಾನೈಟಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯೊಡನೆ ಹೆಚ್ಚು ಕಾಲ ಇದ್ದಷ್ಟೂ ಅದು ಹೆಚ್ಚು ಕರಗುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಇನ್ನೂ ಹೆಚ್ಚಾಗಿ ಬಹುವರ್ಷ ಕುಡಿದರೆ ಎಲುಬುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಪಾಲು ಹೆಚ್ಚುತ್ತದೆ. ಇದನ್ನು ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರಬೇಕು. ಮನೆಯ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆಮಾಡಿಸುವುದು ಒಳ್ಳೆಯದು. ಶುದ್ಧವಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಈ ದೋಷವಿಲ್ಲ.

ನಮ್ಮ ಹಿರಿಯರಿಗೆ ಚಿಪ್ಪಿನ ದಪ್ಪ ಗೊತ್ತಿರಲಿಲ್ಲ, ಮಡಗಾಸ್ಕರಿನ ಹೆಸರೂ ಗೊತ್ತಿರಲಿಲ್ಲ. ಆದರೆ ಬಂಡೆಯ ನಾಡಿನಲ್ಲಿ ನೀರನ್ನು ಮೇಲೆಯೇ ತಡೆದು ನಿಲ್ಲಿಸಬೇಕೆಂಬುದು ಗೊತ್ತಿತ್ತು. ಒಂದು ಕೆರೆಯ ಕೋಡಿ ಮತ್ತೊಂದು ಕೆರೆಗೆ ಹರಿಯುವಂತೆ ಇಳಿಜಾರಿನುದ್ದಕ್ಕೂ ಕೆರೆಗಳ ಸರಮಾಲೆಯನ್ನೇ ಕಟ್ಟಿದರು. ಕೆರೆಯ ನೀರು ಮೆಲ್ಲನೆ ಇಂಗಿ ಮೇಲಿನ ಪದರವನ್ನು ತುಂಬಿಸುತ್ತಿತ್ತು, ಅಲ್ಲಿಂದ ಬಿರುಕುಗಳನ್ನೂ ತಣಿಸುತ್ತಿತ್ತು. ಇಂದು ಎಷ್ಟೋ ಕೆರೆಗಳ ಕಾಲುವೆಗಳು ಮುಚ್ಚಿಹೋಗಿವೆ, ಅಂಗಳಗಳು ಹೂಳಿನಿಂದಲೂ ಜಾಲಿಯಿಂದಲೂ ತುಂಬಿವೆ. ಬೆಂಗಳೂರಿನಲ್ಲಿ ಬಳಸಿ ಸಂಸ್ಕರಿಸಿದ ನೀರನ್ನು ಯೋಜನೆಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ತರಬೇಕಾಗಿ ಬಂದಿದೆಯೆಂದರೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟು: ಊರ ಕೆರೆಗೆ ನೀರು ಬರುವ ಕಾಲುವೆಯನ್ನು ಊರವರೇ ವರ್ಷಕ್ಕೊಮ್ಮೆ ನೋಡಿಕೊಳ್ಳಲಿ. ಹಾಳುಬಿದ್ದ ತೆರೆದ ಬಾವಿಯನ್ನು ಕಸದಿಂದ ತುಂಬದೆ, ಸೋಸಿದ ಮಳೆನೀರನ್ನು ಅದಕ್ಕೆ ಬಿಡಲಿ. ಮತ್ತೊಂದು ಕೊಳವೆಬಾವಿ ಕೊರೆಸುವ ಮುನ್ನ ಆ ಹಣದಲ್ಲಿ ಹೊಲದಲ್ಲೊಂದು ಕೃಷಿಹೊಂಡ ಆದೀತೇ ಎಂದು ಮನೆಮಂದಿಯೆಲ್ಲ ಕುಳಿತು ಯೋಚಿಸಲಿ. ಬಂಡೆ ಆಳದಿಂದ ಮೇಲೆ ಬರುವುದಕ್ಕೆ ಕೋಟ್ಯಂತರ ವರ್ಷ ಬೇಕಾಯಿತು. ಅದರ ಬಿರುಕುಗಳಲ್ಲಿ ನೀರು ಸೇರುವುದಕ್ಕೆ ಎಷ್ಟೋ ತಲೆಮಾರುಗಳು ಬೇಕಾದುವು. ಬತ್ತಿಸುವುದಕ್ಕೆ ನಮ್ಮ ಒಂದು ತಲೆಮಾರು ಸಾಕಾಯಿತು. ಮುಂದಿನ ಮುಂಗಾರಿನೊಳಗಾಗಿ ಒಂದು ಕಾಲುವೆಯ ಹೂಳನ್ನಾದರೂ ತೆಗೆದರೆ, ಬಂಡೆಯ ಕಥೆಯನ್ನು ಓದಿದ್ದಕ್ಕೆ ಫಲ ದೊರೆತಂತಾಗುತ್ತದೆ.